ಬಾಲ್ಕನಿ ಇಲ್ಲದ ಒಂದೇ ಕೋಣೆಯಲ್ಲಿ ಸೊಪ್ಪು ಬೆಳೆಯಬಹುದೇ?

ಇರುವುದು ಒಂದೇ ಕೋಣೆ, ಒಂದೇ ಕಿಟಕಿ, ಕೊತ್ತಂಬರಿ ಹಾಕಿದರೆ ನೂಲಿನ ಹಾಗೆ ಉದ್ದ ಬೆಳೆದು ಮಲಗಿಬಿಡುತ್ತದೆ, ಮಣ್ಣು ಸರಿಯಿಲ್ಲವಾ ಅಂತ ಕೇಳಿದ್ದೀರಿ. ಮಣ್ಣಿನ ತಪ್ಪಲ್ಲ. ಬೆಳಕು ಸಾಲುತ್ತಿಲ್ಲ.

ಈ ವಿಷಯದಲ್ಲಿ ನಾನೂ ಏಮಾರಿದವಳೇ. ಮೊದಲ ಸಲ ಕಿಟಕಿಯಿಂದ ಐದಾರು ಅಡಿ ದೂರದ ಮೇಜಿನ ಮೇಲೆ ಟೊಮೆಟೊ ಗಿಡ ಇಟ್ಟಿದ್ದೆ. ಅಲ್ಲಿ ಕೂತು ಹಗಲಿಡೀ ಓದಬಹುದಿತ್ತು, ಹಾಗಾಗಿ ಬೆಳಕು ಧಾರಾಳ ಅಂದುಕೊಂಡೆ. ಆದರೆ ನಮ್ಮ ಕಣ್ಣು ಮಬ್ಬಿಗೂ ಒಗ್ಗಿಕೊಳ್ಳುತ್ತದೆ, ಗಿಡಕ್ಕೆ ಆ ಸೌಲಭ್ಯ ಇಲ್ಲ. ಹೊರಗೆ ಸುಡುಬಿಸಿಲಲ್ಲಿ ಸುಮಾರು 1,00,000 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕಿದ್ದರೆ, ಒಳಗೆ ನಮಗೆ ಸಾಕೆನಿಸುವ ಜಾಗದಲ್ಲಿ ಕೆಲವು ನೂರು ಲಕ್ಸ್ ಅಷ್ಟೇ. ನನ್ನ ಟೊಮೆಟೊ ಮೂರಡಿ ಎತ್ತರ ಹೋಯಿತು, ಕಿಟಕಿ ಕಡೆಗೆ ಕತ್ತು ಚಾಚಿ ನಿಂತಿತು. ಕಾಯಿ ಒಂದೂ ಇಲ್ಲ.

ಅಂದಿನಿಂದ ಒಂದು ಕಿಟಕಿಯ ಮನೆಯಲ್ಲಿ ಹಣ್ಣು-ಕಾಯಿಯ ಆಸೆ ಬಿಟ್ಟು ಸೊಪ್ಪಿಗೆ ಅಂಟಿಕೊಂಡಿದ್ದೇನೆ. ನೀವು ಮೆಂತ್ಯದಿಂದ ಶುರುಮಾಡಿ. ರಾತ್ರಿ ನೆನೆಸಿ, ಎರಡಿಂಚು ಮಣ್ಣಿರುವ ತಟ್ಟೆಯಲ್ಲಿ ಒತ್ತೊತ್ತಾಗಿ ಹರಡಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಬೀಜದೊಳಗಿನ ಬುತ್ತಿಯಲ್ಲೇ ಮೊದಲ ಎಲೆಗಳು ಬರುವುದರಿಂದ ಬೆಳಕಿನ ಕೊರತೆ ಅಷ್ಟು ಬಾಧಿಸುವುದಿಲ್ಲ. ಎಂಟು-ಹತ್ತು ದಿನಕ್ಕೆ ಕತ್ತರಿ ಹಾಕಬಹುದು. ಪುದೀನ ಇನ್ನೂ ಸುಲಭ: ಒಂದು ಕಡ್ಡಿಯ ಕೆಳಗಿನ ಎಲೆ ಕಿತ್ತು ನೀರಿನ ಲೋಟದಲ್ಲಿಟ್ಟರೆ, ವಾರ-ಹತ್ತು ದಿನದಲ್ಲಿ ಎಲೆ ಕಿತ್ತ ಗಿಣ್ಣಿನಿಂದಲೇ ಬಿಳಿ ಬೇರು ಇಣುಕುತ್ತದೆ.

ಕೊತ್ತಂಬರಿ ಬಿಡಲಾರೆ ಎಂದರೆ ಕುಂಡವನ್ನು ಕಿಟಕಿಯ ಗಾಜಿಗೆ ತಾಗುವಷ್ಟು ಹತ್ತಿರ ತನ್ನಿ. ಆ ಗುಂಡು ಬೀಜ ನಿಜವಾಗಿ ಒಂದು ಕಾಯಿ, ಒಳಗೆ ಎರಡು ಬೀಜ. ಲೋಟದ ತಳದಿಂದ ಮೆಲ್ಲಗೆ ಒತ್ತಿ, ಎರಡು ಹೋಳಾದರೆ ಸಾಕು, ಪುಡಿಯಾಗಬಾರದು. ತಾಯಿಬೇರು ನೆಟ್ಟಗೆ ಇಳಿಯುವುದರಿಂದ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತಿ.

ಕಿಟಕಿಗೆ ಬಿಸಿಲೇ ಬೀಳದಿದ್ದರೆ ಒಂದು ಬಿಳಿ ಎಲ್‌ಇಡಿ ದೀಪ ಸಾಕು. ಸೊಪ್ಪಿನಿಂದ ಒಂದಡಿಗಿಂತ ಮೇಲೆ ಹೋಗಬಾರದು. ದೂರ ಎರಡರಷ್ಟಾದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ದಿನಕ್ಕೆ 12ರಿಂದ 14 ಗಂಟೆ ಉರಿಸಿ, ರಾತ್ರಿ ಆರಿಸಿ. ಗಿಡಗಳಿಗೆಂದೇ ಮಾಡಿದ ನೇರಳೆ ದೀಪಗಳೂ ಸಿಗುತ್ತವೆ, ಆದರೆ ಮಲಗುವ ಕೋಣೆಯಲ್ಲಿ ಅದನ್ನು ಸಹಿಸುವುದು ನನ್ನಿಂದಾಗಲಿಲ್ಲ.

ನೀರಿನ ಬಗ್ಗೆ ಒಂದೇ ಮಾತು. ಒಳಗೆ ಮಣ್ಣು ಬೇಗ ಒಣಗುವುದಿಲ್ಲ, ಪ್ರೀತಿಯಿಂದ ದಿನಾ ಸುರಿದರೆ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಮೇಲ್ಮಣ್ಣು ಸದಾ ಒದ್ದೆಯಿದ್ದರೆ ಚಿಕ್ಕ ಕರಿ ನೊಣಗಳು ಅದರಲ್ಲೇ ಮೊಟ್ಟೆಯಿಡುತ್ತವೆ. ಒಂದು ತಿಂಗಳು ಅವು ನನ್ನ ದಿಂಬಿನ ಸುತ್ತ ಸಂಸಾರ ಮಾಡಿದವು. ಈಗ ಕುಂಡ ಎತ್ತಿ ನೋಡುತ್ತೇನೆ, ಹಗುರವಾಗಿದ್ದರೆ ಮಾತ್ರ ನೀರು.

ಮಲಗಿರುವ ನಿಮ್ಮ ಕೊತ್ತಂಬರಿಯನ್ನು ಎಬ್ಬಿಸಲು ಹೋಗಬೇಡಿ. ಬುಡ ಕೊಳೆತಿಲ್ಲವಾದರೆ ಕತ್ತರಿಸಿ ತಿಂದುಬಿಡಿ, ಎಳೆ ಎಲೆಗೂ ಪರಿಮಳ ಇರುತ್ತದೆ.