ಸ್ತ್ರೀವಾದಿ ಕಾದಂಬರಿ ಅಂದರೆ ನಾಯಕಿ ಗೆಲ್ಲಲೇಬೇಕಾ?

ಕೊನೆಗೆ ಸೋಲುವ ನಾಯಕಿಯರನ್ನು ಪ್ರಬಂಧದಿಂದ ಕೈಬಿಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ತುಮಕೂರಿನಲ್ಲಿ ಎಂಫಿಲ್ ಮಾಡುವಾಗ ನಾನು ಅದನ್ನೇ ಮಾಡಿ ಕೆಟ್ಟೆ.

ಎದುರು ಮಾತಾಡುವವರು, ಮನೆ ಬಿಟ್ಟು ಹೋಗುವವರು ಮಾತ್ರ ಗಟ್ಟಿ ಹೆಂಗಸರು ಅಂತ ನಂಬಿದ್ದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಗ್ಗೆ ‘ಎಲ್ಲ ಸಹಿಸಿಕೊಂಡವಳು’ ಅಂತ ಒಂದೇ ಪ್ಯಾರಾ ಬರೆದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹಿರಿಯ ಮೇಡಂ ಒಬ್ಬರು ಕೇಳಿದರು: ‘ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದಾಗ ಅವಳ ಪರ ನಿಂತದ್ದು ಯಾರಮ್ಮಾ?’ ಫಣಿಯಮ್ಮನೇ! ಬಾಲವಿಧವೆಯಾಗಿ ತನ್ನ ಕೂದಲು ಕಳೆದುಕೊಂಡವಳು ಇನ್ನೊಬ್ಬಳ ಕೂದಲು ಉಳಿಸಲು ನಿಂತಳು. ಜೀವನವಿಡೀ ಮಡಿಯಲ್ಲಿದ್ದವಳು ಅಸ್ಪೃಶ್ಯ ಹೆಣ್ಣುಮಗಳ ಹೆರಿಗೆಗೂ ಹೋದಳು. ನಾನು ಪುಸ್ತಕ ಓದಿರಲಿಲ್ಲ ಅಂತಲ್ಲ. ಜಗಳ ಎಲ್ಲಿದೆ, ಕೂಗಾಟ ಎಲ್ಲಿದೆ ಅಂತ ಹುಡುಕುತ್ತಾ ಓದಿದ್ದೆ. ಹಾಗಾಗಿ ಇದು ಕಣ್ಣಿಗೇ ಬೀಳಲಿಲ್ಲ. ಪ್ರಬಂಧ ವಾಪಸ್ ಬಂತು. ಪೂರ್ತಿ ತಿದ್ದಿ ಕೊಡುವ ಹೊತ್ತಿಗೆ ಅತಿಥಿ ಉಪನ್ಯಾಸಕಿ ಕೆಲಸದ ಅರ್ಜಿ ದಿನಾಂಕ ದಾಟಿತ್ತು.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾಳನ್ನೂ ಸಾಯ್ತಾಳೆ ಅಂತ ಬಿಟ್ಟಿದ್ದೆ. ತಲಾಖ್ ಅಪ್ಪನ ಹಟದಿಂದ ಆಯಿತು. ಗಂಡನ ಹತ್ತಿರ ವಾಪಸ್ ಹೋಗಬೇಕಾದರೆ ಇನ್ನೊಬ್ಬನ ಜೊತೆ ಒಂದು ರಾತ್ರಿಯ ಮದುವೆ ಆಗಬೇಕು. ಅವಳು ಮಸೀದಿಯ ಕೊಳಕ್ಕೆ ಹಾರುತ್ತಾಳೆ. ಇದನ್ನು ಗೆಲುವು ಅಂತ ನಾನು ಹೇಳಲಾರೆ, ಹೇಳಲೂಬಾರದು. ಆದರೆ ಅವಳ ದೇಹದ ಬಗ್ಗೆ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ತೀರ್ಮಾನ ಮಾಡಿದ್ದರು, ಅಲ್ವಾ? ನಿಮ್ಮ ಪ್ರಬಂಧ ಹಿಡಿಯಬೇಕಾದ್ದು ಅದನ್ನು.

ನಮ್ಮ ಮಧುಗಿರಿ ಕಡೆ ಸ್ತ್ರೀಶಕ್ತಿ ಸಂಘದ ಸಾಲ ಚಿಕ್ಕಮ್ಮನ ಹೆಸರಲ್ಲಿತ್ತು, ಪಾಸ್‌ಬುಕ್ ಚಿಕ್ಕಪ್ಪನ ಜೇಬಲ್ಲಿತ್ತು. ಕಂತು ಕಟ್ಟೋಕೆ ಮಾತ್ರ ಅವಳು ಬೇಕು. ಕಾದಂಬರಿಯಲ್ಲೂ ಹೀಗೇ ನೋಡಿ. ಹೆಸರು ಯಾರದ್ದು, ತೀರ್ಮಾನ ಯಾರದ್ದು? ‘ಸಬಲೆ’, ‘ಅಬಲೆ’ ಅಂತ ಪಟ್ಟಿ ಮಾಡೋದು ಸುಮ್ನೆ ಕಾಲಹರಣ.

ತ್ರಿವೇಣಿಯವರ ‘ಶರಪಂಜರ’ವನ್ನೂ ಬಿಡಬೇಡಿ. ಬಾಣಂತನದ ನಂತರ ಕಾವೇರಿಯ ಮನಸ್ಸು ಕೆಡುತ್ತದೆ, ಗುಣವಾಗಿ ಮನೆಗೆ ಬರುತ್ತಾಳೆ. ಸುತ್ತಲಿನವರಿಗೆ ಮಾತ್ರ ಅವಳು ಸಿಟ್ಟಾದರೂ ಹುಚ್ಚಿ, ಅತ್ತರೂ ಹುಚ್ಚಿ. ಅವಳ ಮಾತಿಗೆ ಬೆಲೆಯೇ ಇಲ್ಲ. ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸೋಕೆ ಇದಕ್ಕಿಂತ ಜಾಸ್ತಿ ಏನು ಬೇಕು? ಪುಟ್ಟಣ್ಣ ಕಣಗಾಲರ ಸಿನಿಮಾ (1971) ನೋಡಿದ್ದೇನೆ, ಸಾಕು ಅಂದುಕೊಳ್ಳಬೇಡಿ. ಕಾದಂಬರಿ ಓದಿ, ಮೊದಲ ಅಧ್ಯಾಯ ಅವಳ ಮೇಲೆಯೇ ಬರೆಯಿರಿ.