ಮೇಲಿನ ಓಝೋನ್, ಕೆಳಗಿನ ಓಝೋನ್

ಪ್ರಶ್ನೆ: ಓಝೋನ್ ನಮ್ಮನ್ನು ಕಾಯುತ್ತದೆ ಎಂದು ಮಗಳ ಪಾಠದಲ್ಲಿದೆ. ಮುಂಬಯಿಯ ಗಾಳಿಯ ವರದಿಯಲ್ಲಿ ಅದನ್ನೇ ಮಾಲಿನ್ಯ ಎನ್ನುತ್ತಾರೆ. ಯಾವುದನ್ನು ನಂಬಲಿ?
– ಗೃಹಿಣಿ, ಡೊಂಬಿವಲಿ

ಉತ್ತರ: ಎರಡನ್ನೂ ನಂಬಿ, ತಾಯಿ. ಅನಿಲ ಒಂದೇ, ಇರುವ ಜಾಗ ಬೇರೆ. ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದ ಸ್ತರಗೋಳ ಎಂಬ ವಾಯುಪದರದಲ್ಲಿ ಅದು ಮಾರಕ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ. ಅಷ್ಟನ್ನೂ ನೆಲಮಟ್ಟಕ್ಕೆ ತಂದು ಒತ್ತಿದರೆ ದಪ್ಪ ಬರೀ 3 ಮಿಲಿಮೀಟರ್! ಅಷ್ಟರಲ್ಲೇ ನಮ್ಮ ಚರ್ಮ, ಕಣ್ಣು, ಬೆಳೆ ಉಳಿದಿವೆ. ಕೆಳಗೆ, ವಾಹನಗಳ ಹೊಗೆಗೆ ಬಿಸಿಲು ತಗುಲಿ ಹುಟ್ಟುವ ಓಝೋನ್ ಗಂಟಲು, ಶ್ವಾಸಕೋಶಗಳನ್ನು ಕೆರಳಿಸುತ್ತದೆ. ಮುಂಬಯಿಯ ಫೋರ್ಟ್ ಪ್ರದೇಶದ ಇಕ್ಕಟ್ಟಾದ ಅಂಗಡಿಯ ಹಳೆಯ ಜೆರಾಕ್ಸ್ ಯಂತ್ರದ ಪಕ್ಕ ಮೂಗಿಗೆ ಹೊಡೆಯುವ ಘಾಟೂ ಅದರದ್ದೇ. ಇಲ್ಲಿಯದನ್ನು ಮೇಲಕ್ಕೆ ಕಳಿಸಿ ಅಲ್ಲಿನ ಓಝೋನ್ ಪದರದ ತೂತು ಮುಚ್ಚಬಾರದೇ ಎಂದು ಮಾತ್ರ ಕೇಳಬೇಡಿ. ಅಷ್ಟು ದೂರ ಹೋಗುವ ಮೊದಲೇ ಅದು ಒಡೆದುಹೋಗುತ್ತದೆ.