ಐದು ವರ್ಷದ ಮಗನಿಗೆ ಇನ್ನೂ ಮಾತು ಬಂದಿಲ್ಲ, ಬುದ್ಧಿಮಾಂದ್ಯ ಅಂದಿದ್ದಾರೆ. ತೋಟ ಮಾರಿ ಬೆಂಗಳೂರಿಗೆ ಹೋಗಬೇಕಾ, ವಸತಿ ಶಾಲೆಗೆ ಬಿಡಬೇಕಾ?

ತೋಟ ಮಾರಬೇಡಿ. ಮೊದಲು ಮಗನ ಕಿವಿ ಪರೀಕ್ಷೆ ಮಾಡಿಸಿ.

ಹೀಗೆ ಒಂದೇ ಏಟಿಗೆ ಹೇಳಿದೆ ಅಂತ ಬೇಜಾರು ಮಾಡ್ಕೋಬೇಡಿ. ತೀರ್ಥಹಳ್ಳಿ ಹತ್ತಿರದ ಹಳ್ಳಿ, ಸ್ವಲ್ಪ ಅಡಿಕೆ ತೋಟ, ಇಲ್ಲಿ ಇದ್ದರೆ ಮಗು ಉದ್ಧಾರ ಆಗಲ್ಲ ಅನ್ನುವ ನೆಂಟರು. ನಿಮ್ಮ ಪ್ರಶ್ನೆ ಓದುವಾಗ ಇದನ್ನು ನಾನೇ ಬರೆದಿದ್ದಾ ಅನ್ನಿಸಿತು. ನಮ್ಮದು ಹೊಸನಗರ ತಾಲೂಕು, ಅಷ್ಟೇ ವ್ಯತ್ಯಾಸ.

ನನ್ನ ಮಗಳಿಗೆ ಡೌನ್ ಸಿಂಡ್ರೋಮ್, ಅಂದರೆ ಬೆಳವಣಿಗೆ, ಕಲಿಕೆ ನಿಧಾನ ಆಗುವ ಹುಟ್ಟಿನಿಂದಲೇ ಇರುವ ಸ್ಥಿತಿ. ಹುಟ್ಟಿದಾಗಲೇ ಗೊತ್ತಾಯಿತು. ಹೃದಯದ ಸ್ಕ್ಯಾನ್ ಮಾಡಿದರು, ಥೈರಾಯ್ಡ್ ನೋಡಿದರು, ಎರಡೂ ಸರಿ ಇತ್ತು. ತಡವಾಗಿ ಕೂತಳು, ತಡವಾಗಿ ನಡೆದಳು. ಮಾತು ಮಾತ್ರ ಬರಲೇ ಇಲ್ಲ. ನಾಲ್ಕು ತುಂಬಿದ ಮೇಲೆ ನಮ್ಮ ಮನೆಯವರು ತೋಟದ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟು, ಮುಂಗಡ ತಗೊಂಡು, ನಮ್ಮಿಬ್ಬರಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿಕೊಟ್ಟರು. ದೊಡ್ಡ ಮಗನನ್ನು ಊರಲ್ಲಿ ಅತ್ತೆ ಹತ್ತಿರ ಬಿಟ್ಟೆ. ಅವನಿಗೆ ಆಗ ಎಂಟು ವರ್ಷ.

ಬೆಂಗಳೂರಿನಲ್ಲಿ ವಾರದಲ್ಲಿ ಕೆಲವು ದಿನ ಸ್ಪೀಚ್ ಥೆರಪಿ. ಹೋದಾಗೆಲ್ಲ ಮುಕ್ಕಾಲು ಗಂಟೆ. ಉಳಿದ ಹೊತ್ತು? ಒಂದು ರೂಮು, ಒಂದು ಟಿವಿ, ಬಾಗಿಲು ತೆಗೆದರೆ ರಸ್ತೆ. ಅಂಗಳ ಇಲ್ಲ, ಕೊಟ್ಟಿಗೆ ಇಲ್ಲ, ಮಾತಾಡಿಸುವ ಜನ ಇಲ್ಲ. ಕಲಿಕೆ ಏನಿದ್ದರೂ ಆ ಮುಕ್ಕಾಲು ಗಂಟೆಯಲ್ಲಿ ನಡೆಯುತ್ತದೆ, ಉಳಿದದ್ದು ಸುಮ್ನೆ ಕಾಯುವ ಹೊತ್ತು ಅಂತ ನಾನು ನಂಬಿದ್ದೆ.

ಈಗ ನಾನು ಮಾಡಿದ್ದು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಥೆರಪಿಗೆ ಸೇರಿಸುವಾಗ ಒಂದು ಫಾರಂ ಕೊಟ್ಟಿದ್ದರು. 'ಮಗುವಿಗೆ ಕಿವಿ ಕೇಳಿಸುತ್ತದೆಯೇ?' ಅಂತ ಒಂದು ಸಾಲು. ನಾನು ಹೌದು ಅಂತ ಟಿಕ್ ಹಾಕಿದೆ. ಯೋಚನೆ ಕೂಡ ಮಾಡಲಿಲ್ಲ. ಹುಟ್ಟಿದಾಗ ಮಾಡಿದ ಕಿವಿ ಪರೀಕ್ಷೆ ಸರಿ ಬಂದಿತ್ತಲ್ವಾ. ಕುಕ್ಕರ್ ಕೂಗಿದರೆ ತಿರುಗುತ್ತಿದ್ದಳು, ಬಾಗಿಲು ಬಡಿದರೆ ಬೆಚ್ಚುತ್ತಿದ್ದಳು. ಇನ್ನೇನು ಬೇಕು?

ಕಿವಿ ಕೇಳುವುದು ಒಂದು, ಮಾತು ಕಲಿಯುವಷ್ಟು ಕೇಳುವುದು ಬೇರೆ. ಇದು ನನಗೆ ತುಂಬಾ ತಡವಾಗಿ ಅರ್ಥವಾಯಿತು. ಕಿವಿಯ ತಮಟೆಯ ಹಿಂದೆ ನೀರು ಕಟ್ಟಿಕೊಂಡರೆ ಮಗು ಪೂರ್ತಿ ಕಿವುಡಾಗುವುದಿಲ್ಲ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತವರಿಗೆ ಕೇಳಿಸುವ ಹಾಗೆ ಕೇಳಿಸುತ್ತದೆ. ಜೋರು ಶಬ್ದ ಬರುತ್ತದೆ. ಮೆಲ್ಲಗೆ ಆಡುವ ಮಾತು ಮಂಕಾಗುತ್ತದೆ, ಸ, ತ, ಕ ಇಂಥವೆಲ್ಲ ತಪ್ಪಿಹೋಗುತ್ತವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಳಿಕೆ ಕಿರಿದು, ಹಾಗಾಗಿ ಈ ನೀರು ಕಟ್ಟುವುದು ಬಹಳ ಜಾಸ್ತಿ. ಹುಟ್ಟಿದಾಗ ಸರಿ ಇದ್ದ ಕಿವಿಗೂ ಆಮೇಲೆ ಬರುತ್ತದೆ. ಶೀತ ಆದಾಗ ಹೆಚ್ಚಾಗುತ್ತದೆ, ಆಮೇಲೆ ತಗ್ಗುತ್ತದೆ. ಅದಕ್ಕೇ ಒಂದು ದಿನ ಕರೆದರೆ ಬರುತ್ತಾಳೆ, ಇನ್ನೊಂದು ದಿನ ಬರಲ್ಲ. ಅದನ್ನು ನಾವು ಹಠ ಅಂದೆವು. ತನ್ನ ಕಿವಿಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. 'ಇಂಥ ಮಕ್ಕಳು ಹಾಗೇ' ಅಂದರು ಪಕ್ಕದ ಮನೆಯವರು. ನಾನೂ ಅದನ್ನೇ ಅಂದೆ. ಆ ಒಂದು ಮಾತಿನ ಅಡಿ ಎಷ್ಟು ನೋವು ಮುಚ್ಚಿಹೋಗುತ್ತದೆ ನೋಡಿ. ಹಲ್ಲು ನೋವು, ಹೊಟ್ಟೆ ನೋವು, ಮಲಬದ್ಧತೆ, ಎಲ್ಲವೂ 'ಇಂಥ ಮಕ್ಕಳು ಹಾಗೇ'.

ಕಂಡುಹಿಡಿದದ್ದು ನಮ್ಮ ಅತ್ತೆ. ಮಳೆಗಾಲದಲ್ಲಿ ಊರಿಗೆ ಬಂದಿದ್ದೆವು. 'ಎದುರು ನಿಂತು ಕರೆದರೆ ಬರ್ತಾಳೆ, ಬೆನ್ನ ಹಿಂದಿಂದ ಕರೆದರೆ ತಿರುಗೋದೇ ಇಲ್ಲ. ಇವಳಿಗೆ ಕಿವಿ ಮಂದ ಕಣೇ' ಅಂದರು. ನನಗೆ ಸಿಟ್ಟು ಬಂತು. ಅಷ್ಟು ದೊಡ್ಡ ಊರಿನಲ್ಲಿ ಓದಿದವರು ನೋಡುತ್ತಿರುವಾಗ ಇವರದ್ದೇನು ಅಂತ. ಆ ಸಿಟ್ಟಿನಲ್ಲಿ ಇನ್ನೂ ಕೆಲವು ತಿಂಗಳು ಹೋಯಿತು. ಕೊನೆಗೆ ಕಿವಿಯಿಂದ ಕೀವು ಸೋರಿದಾಗ ಶಿವಮೊಗ್ಗದಲ್ಲಿ ಕಿವಿ ಡಾಕ್ಟರಿಗೆ ತೋರಿಸಿದೆವು. ಎರಡೂ ಕಡೆ ನೀರು. ಎಡಗಡೆ ತಮಟೆ ತೂತಾಗಿತ್ತು. ಸಣ್ಣ ಆಪರೇಷನ್ ಮಾಡಿ ತಮಟೆಯಲ್ಲಿ ಪುಟ್ಟ ನಳಿಕೆ ಕೂರಿಸಿದರು. ಅಂದರೆ ಅಷ್ಟು ದಿನ ದುಡ್ಡು ಕೊಟ್ಟು, ಸರಿಯಾಗಿ ಕೇಳಿಸದ ಮಗುವಿಗೆ ಮಾತು ಕಲಿಸುತ್ತಿದ್ದೆವು. ಆಮೇಲೆ ಮಾತು ಬಂತು, ಆದರೆ ಬರಬೇಕಾದ ವಯಸ್ಸು ದಾಟಿತ್ತು. ಈಗ ಹದಿಮೂರು ವರ್ಷ. ಎರಡು ಮೂರು ಪದ ಸೇರಿಸಿ ಹೇಳುತ್ತಾಳೆ. ಮನೆಯವರಿಗೆ ತಿಳಿಯುತ್ತದೆ, ಹೊರಗಿನವರಿಗೆ ಕಷ್ಟ. ಎಡಗಿವಿ ಇವತ್ತಿಗೂ ಕಮ್ಮಿ.

ನಿಮ್ಮ ಮಗನದ್ದು ಡೌನ್ ಸಿಂಡ್ರೋಮ್ ಅಂತ ನೀವು ಬರೆದಿಲ್ಲ. ಯಾವುದೇ ಇರಲಿ, ಮಾತು ತಡವಾದ ಮಗುವಿಗೆ ಕಿವಿ ಪರೀಕ್ಷೆ ಬೇಕೇ ಬೇಕು. ಮಗು ಕೂತು ಉತ್ತರ ಕೊಡಲ್ಲ ಅಂತ ಹೆದರಬೇಡಿ. ಬೆರಾ ಅಂತ ಒಂದು ಪರೀಕ್ಷೆ ಇದೆ, ನಿದ್ದೆಯಲ್ಲೇ ಮಾಡುತ್ತಾರೆ. ಜೊತೆಗೆ ಕಣ್ಣು ತೋರಿಸಿ, ಥೈರಾಯ್ಡ್ ನೋಡಿಸಿ. ಕೈಯಲ್ಲಿರುವ ಚೀಟಿಯಲ್ಲಿ ಐಕ್ಯೂ, ಅಂದರೆ ಬುದ್ಧಿಮಟ್ಟದ ಅಂಕಿ, ಬರೆದಿರಬಹುದು. 50ರಿಂದ 69 ಅಂದರೆ ಸೌಮ್ಯ, 35ರಿಂದ 49 ಅಂದರೆ ಮಧ್ಯಮ, ಹೀಗೆ. ಕಿವಿ ಸರಿ ಕೇಳದ ಮಗುವನ್ನು ಪ್ರಶ್ನೆ ಕೇಳಿ ಅಳೆದರೆ ಆ ಅಂಕಿಯೇ ತಪ್ಪು ಬರಬಹುದು. ಹಾಗಾಗಿ ಕಿವಿ ಆದಮೇಲೆ ಇನ್ನೊಮ್ಮೆ ಮಾಡಿಸಿ.

ಇನ್ನು ಬೆಂಗಳೂರಾ, ವಸತಿ ಶಾಲೆಯಾ ಅನ್ನುವುದು. ಈ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಅವನ ಜೊತೆ ಯಾರು ಏನು ಮಾಡುತ್ತಾರೆ? ಅದನ್ನು ಮೊದಲು ಹೇಳಿ. ಐದು ವರ್ಷದ ಮಗು ಕಲಿಯುವುದು ಬಚ್ಚಲಲ್ಲಿ, ಊಟದ ಹೊತ್ತಿನಲ್ಲಿ, ಅಂಗಳದಲ್ಲಿ.

ಚಡ್ಡಿ ಹಾಕಿಕೊಳ್ಳುವುದನ್ನೇ ತಗೊಳ್ಳಿ. ಪೂರ್ತಿ ಕೆಲಸ ಒಂದೇ ಸಲ ಕಲಿಸಲು ಹೋದರೆ ಇಬ್ಬರಿಗೂ ಅಳು. ನೀವೇ ಕಾಲು ತೂರಿಸಿ, ಸೊಂಟದ ಹತ್ತಿರದವರೆಗೆ ಎಳೆದು ಬಿಡಿ. ಕೊನೆಯ ಒಂದು ಎಳೆತ ಮಾತ್ರ ಅವನದ್ದು. ಎಳೆದ, ಕೆಲಸ ಮುಗೀತು, ಶಭಾಷ್. ಅದು ಬಂದ ಮೇಲೆ ಮೊಣಕಾಲಿನಿಂದ ಎಳೆಯುವುದು, ಆಮೇಲೆ ಪಾದದಿಂದ. ಹಿಂದಿನಿಂದ ಮುಂದಕ್ಕೆ ಕಲಿಸುವುದು ಅಂದರೆ ಇದೇ. ಪ್ರತಿ ಸಲವೂ ಮಗು ಗೆದ್ದೇ ಮುಗಿಸುತ್ತದೆ. ನನ್ನ ಮಗಳು ಬಣ್ಣ ಕಲಿತದ್ದು ಪ್ಲಾಸ್ಟಿಕ್ ಬ್ಲಾಕಿನಲ್ಲಲ್ಲ. ಉದುರಿದ ಅಡಿಕೆ ಹೆಕ್ಕಿ, ಹಣ್ಣು ಒಂದು ಬುಟ್ಟಿಗೆ, ಹಸಿರುಕಾಯಿ ಒಂದು ಬುಟ್ಟಿಗೆ ಹಾಕುತ್ತಾ ಕಲಿತಳು. ಸುಲಿಯುವ ಕತ್ತಿ ಹತ್ತಿರ ಮಾತ್ರ ಬಿಡಬೇಡಿ.

ಮಾತು ಬರುವ ತನಕ ಸನ್ನೆ ಕಲಿಸಿ. ನೀರು, ಸಾಕು, ನೋವು, ಕಕ್ಕ, ಇಷ್ಟರಿಂದ ಶುರುಮಾಡಿ. ಸನ್ನೆ ಕಲಿತರೆ ಮಾತು ಬರಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿವಿಗೆ ಹಾಕ್ಕೋಬೇಡಿ. ಸನ್ನೆಯಿಂದ ಮಾತು ನಿಲ್ಲುವುದಿಲ್ಲ, ಎಷ್ಟೋ ಮಕ್ಕಳಿಗೆ ಅದೇ ಮಾತಿಗೆ ದಾರಿ. 'ನೋವು' ಅನ್ನುವ ಒಂದು ಸನ್ನೆ ನನ್ನ ಮಗಳಿಗೆ ನಾಲ್ಕನೇ ವಯಸ್ಸಿಗೆ ಗೊತ್ತಿದ್ದರೆ ಮೇಲಿನ ಕಥೆಯೇ ಇರುತ್ತಿರಲಿಲ್ಲ.

ಇಲ್ಲಿ ಏನೂ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ನಿಮ್ಮ ಗ್ರಾಮ ಪಂಚಾಯ್ತಿಗೆ ಹೋಗಿ ವಿಆರ್‌ಡಬ್ಲ್ಯೂ ಯಾರು ಅಂತ ಕೇಳಿ. ಅಂಗವಿಕಲರಿಗೆಂದೇ ಇರುವ ಪುನರ್ವಸತಿ ಕಾರ್ಯಕರ್ತರು ಅವರು. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿಯ) ಅರ್ಜಿ ಅವರಿಂದ ಸುಲಭ ಆಗುತ್ತದೆ. ಅಂಗವಿಕಲತೆಯ ಪ್ರಮಾಣಪತ್ರದಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಹೆಚ್ಚಿನ ಸೌಲಭ್ಯಕ್ಕೆಲ್ಲ ಅದೇ ಆಧಾರ. ಇಂಥ ಮಕ್ಕಳಿಗೆಂದೇ ಇರುವ ನಿರಾಮಯ ಆರೋಗ್ಯ ವಿಮೆ ಮಾಡಿಸಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ. ಆರು ತುಂಬಿದ ಮೇಲೆ ಹತ್ತಿರದ ಶಾಲೆಗೆ ಸೇರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇ. 40 ಅಥವಾ ಹೆಚ್ಚು ಅಂಗವಿಕಲತೆ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಅವನ ಹಕ್ಕು, ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ನಿಮ್ಮ ಇಷ್ಟ. ಹೆಡ್‌ಮಾಸ್ಟರು ಮುಖ ಸಿಂಡರಿಸಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ತಾಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ) ಇಂಥ ಮಕ್ಕಳಿಗೆಂದು ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ, ಅವರ ನಂಬರ್ ಇಟ್ಟುಕೊಳ್ಳಿ. ಓಡಾಟ ಬೇಜಾನ್ ಇದೆ, ಸುಳ್ಳು ಹೇಳಲ್ಲ. ಆದರೂ ತೋಟ ಮಾರುವಷ್ಟು ದುಬಾರಿ ಅಲ್ಲ.

ವಸತಿ ಶಾಲೆ ಐದು ವರ್ಷಕ್ಕೆ ಬೇಡವೇ ಬೇಡ. ತನಗೆ ಏನಾಯಿತು ಅಂತ ಹೇಳಲು ಬಾರದ ಮಗುವನ್ನು ಕಣ್ಣಿಂದ ದೂರ ಇಡಬಾರದು. ಸಂಜೆ ಮನೆಗೆ ಬರುವಂಥ ಶಾಲೆ ಸಿಕ್ಕರೆ ಅದು ಬೇರೆ ಮಾತು. ನಿಮಗೆ ಒಬ್ಬ ಮಗಳೂ ಇದ್ದಾಳೆ ಅಂತ ಬರೆದಿದ್ದೀರಿ. ಅವಳನ್ನೂ ಬಿಟ್ಟು ಹೋಗಬೇಡಿ. ನನ್ನ ಮಗ ಈಗ ಡಿಪ್ಲೊಮಾಕ್ಕೆ ಸೇರಿದ್ದಾನೆ. ತಂಗಿ ಅಂದರೆ ಜೀವ. ನನ್ನ ಹತ್ತಿರ ಮಾತ್ರ ಕೇಳಿದ್ದಕ್ಕಷ್ಟೇ ಉತ್ತರ.

ಬೆಂಗಳೂರಿಗೆ ಹೋಗಲೇಬಾರದು ಅಂತಲ್ಲ. ಒಮ್ಮೆ ನಿಮ್ಹಾನ್ಸ್‌ಗೆ ಹೋಗಿ ಪೂರ್ತಿ ತೋರಿಸಿಕೊಂಡು ಬನ್ನಿ. 'ಮನೆಯಲ್ಲಿ ನಾವು ದಿನಾ ಏನು ಮಾಡಬೇಕು, ಬರೆದುಕೊಡಿ' ಅಂತ ಬಾಯಿಬಿಟ್ಟು ಕೇಳಿ. ಕೆಲವು ತಿಂಗಳು ಬಿಟ್ಟು ಮತ್ತೆ ಹೋಗಿ ತೋರಿಸಿದರೆ ಸಾಕು. ಹೋಗುವಾಗ ನಿಮ್ಮ ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ. 'ಸನ್ನೆ ಕಲಿಸಿ, ಅವನ ಕೆಲಸ ಅವನೇ ಮಾಡಲಿ' ಅಂತ ಡಾಕ್ಟರು ಅವರಿಗೇ ನೇರವಾಗಿ ಹೇಳಲಿ. ನೀವು ಬಂದು ಹೇಳಿದರೆ ಯಾರು ಕೇಳುತ್ತಾರೆ?